ಖತಮ್ ಮಾಫಿ

ಮಗಳ ಹಲ್ಲಿಗೆ ತಂತಿ ಹಾಕಿಸಲು ಹೋದ ತಿಂಗಳು ಇಲ್ಲಿ, ಗಲ್ಫಿನಲ್ಲಿ, ಹೊಸ ಕ್ಲಿನಿಕ್ ಒಂದಕ್ಕೆ ಹೋಗಿದ್ದೆ. ಫೋನಿನ ನಕ್ಷೆ ಹೇಳಿದಂತೆ ಗಾಡಿ ತಿರುಗಿಸುತ್ತಾ ಹೋದವಳು, ಕೊನೆಯ ತಿರುವಿನಲ್ಲಿ ಎದುರಿಗೆ ಬಂದ ಬಿಳಿ ವಿಲ್ಲಾ ನೋಡಿ ಬ್ರೇಕ್ ಒತ್ತಿದೆ. ಗೇಟಿನ ಪಕ್ಕದ ಬಾವುಟದ ಕಂಬ ಇನ್ನೂ ಇತ್ತು. ಈಗ ಅದರ ತುದಿಯಲ್ಲಿ ನಗುತ್ತಿರುವ ಹಲ್ಲಿನ ಚಿತ್ರದ ಬಟ್ಟೆ ಹಾರಾಡುತ್ತಿತ್ತು.

"ಅಮ್ಮಾ, ನೀನು ವರ್ಕ್ ಮಾಡ್ತಿದ್ದ ಎಂಬಸಿ ಇದೇನಾ? ಸೋ ಸ್ಮಾಲ್!" ಎಂದಳು ಮಗಳು.

ಇದೇ. ರಾಯಭಾರ ಕಚೇರಿ ದೊಡ್ಡ ಕಟ್ಟಡಕ್ಕೆ ಹೋಗಿ ವರ್ಷಗಳಾದವು. ಒಳಗೆ ಹೋಗಿ ಕುಳಿತೆವು. ಸಂತಾಪ ಪುಸ್ತಕದ ಮೇಜು ಇದ್ದ ಜಾಗದಲ್ಲಿ ಮೀನಿನ ತೊಟ್ಟಿ ಇಟ್ಟಿದ್ದಾರೆ. ಮಗಳು ಮೀನು ನೋಡುತ್ತಾ ನಿಂತಳು. ನಾನು ಮಾತ್ರ ಆ ಬೇಸಿಗೆಯ ಕೊನೆಗೆ ಹೋಗಿ ಕುಳಿತುಬಿಟ್ಟೆ. ಡಾಕ್ಟರು ಹೆಸರು ಕೂಗಿದ್ದು ಎರಡು ಸಲ ಕೇಳಿಸಲಿಲ್ಲವಂತೆ.

ಯಾವ ದೇಶದ ಕಚೇರಿ ಎಂದು ಹೇಳುವ ಹಾಗಿಲ್ಲ. ಕೆಲಸ ಬಿಡುವಾಗ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದಾರೆ. ಚಳಿಯ ಒಂದು ಸಣ್ಣ ರಾಜ್ಯ ಎಂದಿಟ್ಟುಕೊಳ್ಳಿ. ಅಲ್ಲಿ ರಾಣಿ ಇದ್ದಳು, ಆದರೆ ಆಳುತ್ತಿರಲಿಲ್ಲ. ಆಳಲು ಸಂಸತ್ತು, ಪ್ರಧಾನಿ ಎಲ್ಲ ಇದ್ದರು. ಅವರು ಮಾಡಿದ್ದಕ್ಕೆಲ್ಲ ರಾಣಿಯ ಹೆಸರು ಇರಬೇಕು, ಅಷ್ಟೇ. ಕಾನೂನು ಅವಳ ಹೆಸರಲ್ಲಿ, ಪಾಸ್‌ಪೋರ್ಟ್ ಅವಳ ಹೆಸರಲ್ಲಿ, ನಮ್ಮ ಕಚೇರಿಯ ದುಂಡು ಮೊಹರಿನಲ್ಲೂ ಕಿರೀಟದ ಕೆಳಗೆ ಅವಳ ಹೆಸರಿನ ಮೊದಲಕ್ಷರ. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ರಾಯಭಾರಿ, "ಮೈಸೂರಿನವರು, ಅಂದರೆ ಅರಮನೆಯ ಶಿಷ್ಟಾಚಾರ ನಿಮಗೆ ರಕ್ತದಲ್ಲೇ ಇರುತ್ತದೆ" ಎಂದಿದ್ದರು. ನಮ್ಮಪ್ಪ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುತ್ತಿದ್ದವರು. ಅರಮನೆಯ ಮೀಟರನ್ನೂ ಅವರು ಓದಿರಲಿಲ್ಲ. ನಾನು ನಕ್ಕು ಸುಮ್ಮನಾದೆ. ಕೆಲಸ ಬೇಕಿತ್ತು.

ಹಾಗೆ ಪ್ರೋಟೋಕಾಲ್ ವಿಭಾಗಕ್ಕೆ ಸಹಾಯಕಿಯಾದೆ. ಯಾವ ರಾಯಭಾರಿ ಯಾರ ಬಲಕ್ಕೆ ಕೂರಬೇಕು, ಯಾರನ್ನು ಬಾಗಿಲವರೆಗೆ, ಯಾರನ್ನು ಕಾರಿನವರೆಗೆ ಬಿಟ್ಟುಬರಬೇಕು, ಇದೇ ಕೆಲಸ. ನನ್ನ ಗಂಡ ರಾಸ್ ಲಫಾನಿನ ಅನಿಲ ಘಟಕದಲ್ಲಿ ಶಿಫ್ಟ್ ಮುಗಿಸಿ ಗ್ಯಾಸಿನ ವಾಸನೆ ಹೊತ್ತು ಬಂದವರು, "ಇವತ್ತು ಯಾರ ಕುರ್ಚಿ ಯಾರ ಪಕ್ಕಕ್ಕೆ ಹಾಕಿದೆ?" ಎಂದು ರೇಗಿಸುತ್ತಿದ್ದರು.

ಆ ಕಚೇರಿಯಲ್ಲಿ ನನ್ನ ಬಿಟ್ಟರೆ ಕನ್ನಡ ಬರುತ್ತಿದ್ದುದು ಡ್ರೈವರ್ ಶೇಖರಣ್ಣನಿಗೆ. ಕಾರ್ಕಳದ ಕಡೆಯವರು, ಮನೆಮಾತು ತುಳು. ರಾಯಭಾರಿಗಳು ನಾಲ್ಕೈದು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ಶೇಖರಣ್ಣ ಬದಲಾಗಿರಲಿಲ್ಲ. ಹೆಂಡತಿ ವಸಂತಕ್ಕ ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಆಯಾ. ಗಂಡ ಹೆಂಡತಿ ಅಲ್ ರಯ್ಯಾನಿನ ಒಂದು ಹಳೆ ವಿಲ್ಲಾದ ಭಾಗ ಮಾಡಿದ ಕೋಣೆಯಲ್ಲಿದ್ದರು. ಒಬ್ಬಳೇ ಮಗಳು ಶ್ರಾವ್ಯ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನಾವಿದ್ದ ಅಲ್ ಗರಾಫಾ ಅವರ ದಾರಿಯಲ್ಲೇ ಇದ್ದುದರಿಂದ ಬೇಸಿಗೆಯಲ್ಲಿ ಬಸ್ಸಿಗೆ ಕಾಯಬೇಡಿ ಎಂದು ಶೇಖರಣ್ಣ ನನ್ನನ್ನು ಮನೆಗೆ ಬಿಟ್ಟು ಹೋಗುತ್ತಿದ್ದರು. ದಾರಿಯುದ್ದಕ್ಕೂ ಮಗಳ ಮಾತೇ.

ಆಗಸ್ಟ್ ಮುಗಿಯುತ್ತಾ ಬಂದಿತ್ತು. ಬಿಸಿಲು ಇಳಿಯುವ ಮೊದಲು ಇಲ್ಲಿ ಗಾಳಿಗೆ ತೇವ ಹಿಡಿಯುತ್ತದೆ. ಕನ್ನಡಕ ಹಾಕಿಕೊಂಡು ಹೊರಗೆ ಬಂದರೆ ಮಂಜು ಕಟ್ಟಿ ಕಣ್ಣೇ ಕಾಣುವುದಿಲ್ಲ. ಅಂಥ ಒಂದು ಬೆಳಗ್ಗೆ ರಾಣಿ ತೀರಿಕೊಂಡ ಸುದ್ದಿ ಬಂತು. ವಯಸ್ಸಾಗಿತ್ತು, ನಿದ್ದೆಯಲ್ಲಿ ಹೋಗಿದ್ದಳು. ಪುಣ್ಯವಂತೆ ಎಂದುಕೊಂಡೆ. ಆಮೇಲೆ ಪುಣ್ಯದ ಬಗ್ಗೆ ಯೋಚಿಸಲು ಪುರುಸೊತ್ತಾಗಲಿಲ್ಲ.

ರಾಜಧಾನಿಯಿಂದ ಸುತ್ತೋಲೆಗಳು ಒಂದರ ಹಿಂದೆ ಒಂದು ಬಂದವು. ಬಾವುಟ ಅರ್ಧಕ್ಕಿಳಿಸಬೇಕು, ಆದರೆ ಮೊದಲು ಪೂರ್ತಿ ಏರಿಸಿ ಆಮೇಲೆ ಇಳಿಸಬೇಕು. ಕಪ್ಪು ಅಂಚಿನ ಕಾಗದದಲ್ಲೇ ಪತ್ರ ಬರೆಯಬೇಕು. ಬಂದವರು ಸಂತಾಪ ಬರೆದು ಸಹಿ ಹಾಕುವ ಪುಸ್ತಕಕ್ಕೆ ಕಪ್ಪು ಶಾಯಿ, ನೀಲಿ ಕೂಡದು. ಭಾವಚಿತ್ರದ ಮೂಲೆಗೆ ಕಪ್ಪು ರಿಬ್ಬನ್ ಎಷ್ಟು ಅಗಲ ಇರಬೇಕು ಎಂದು ಕೂಡ ಬರೆದಿತ್ತು. ಶೇಖರಣ್ಣ ಕಾರಿನ ಬಾವುಟದ ಕೋಲಿಗೆ ಕಪ್ಪು ಪಟ್ಟಿ ಕಟ್ಟಿ, ಬೆವರೊರೆಸಿಕೊಳ್ಳುತ್ತಾ, "ಮೇಡಂ, ರಾಣಿ ಅಂದ್ರೆ ಎಂತ ಮಾರ್ರೆ, ಸತ್ತ ಮೇಲೆ ಇಷ್ಟು ಕೆಲಸ ಕೊಡ್ತಾಳೆ!" ಎಂದು ನಕ್ಕರು. ನಾನು ಅವರ ಜೊತೆ ಆಡಿದ ಕೊನೆಯ ಮಾತು ಅದೇ. ಆ ಸಂಜೆ ಕೋಣೆಯಲ್ಲಿ ಅಂಗಿ ಬಿಚ್ಚುತ್ತಾ ಎದೆ ಹಿಡಿದುಕೊಂಡು ಕುಳಿತವರು ಆಂಬುಲೆನ್ಸಿನಲ್ಲೇ ಹೋದರು.

ಇಲ್ಲಿ ನಮ್ಮವರನ್ನು ಸುಡುವ ಹಾಗಿಲ್ಲ. ಸತ್ತರೆ ವಿಮಾನದಲ್ಲಿ ಊರಿಗೆ ಕಳಿಸಬೇಕು. ಅದಕ್ಕೆ ಆಸ್ಪತ್ರೆಯದು, ಪೊಲೀಸರದು, ನಮ್ಮ ದೇಶದ ರಾಯಭಾರ ಕಚೇರಿಯದು, ಕೊನೆಗೆ ಕೆಲಸ ಕೊಟ್ಟವರದು ಎಂದು ಕಾಗದಗಳು ಬೇಕು. ಎಲ್ಲ ಸೇರಿದ ಮೇಲೆಯೇ ದೇಹ ಕೆಡದಂತೆ ಔಷಧಿ ಹಾಕುತ್ತಾರೆ, ಪೆಟ್ಟಿಗೆ ಮಾಡುತ್ತಾರೆ. ಅಲ್ಲಿಯವರೆಗೆ ತಣ್ಣನೆಯ ಖಾನೆ. ಓಡಾಡಲು ನಿಂತವರು ಹಮೀದಾಕ. ಉಳ್ಳಾಲದ ಬ್ಯಾರಿ, ಬಿಡಿಭಾಗದ ಅಂಗಡಿ ಇಟ್ಟುಕೊಂಡವರು. ಕರಾವಳಿಯ ಯಾರಿಗೆ ಏನಾದರೂ ಅಂಗಡಿಯ ಬಾಗಿಲೆಳೆದು ಹೊರಟುಬಿಡುವ ಮನುಷ್ಯ. ಬೇರೆಲ್ಲ ಕಾಗದಗಳನ್ನು ಅವರು ಸರಸರ ಮಾಡಿಸಿಕೊಂಡು ಬಂದರು. ನಮ್ಮ ಕಚೇರಿಯ ಪತ್ರವನ್ನು ನಾನೇ ಟೈಪ್ ಮಾಡಿದೆ. ನಮ್ಮ ಕೌನ್ಸೆಲರ್, ಅಂದರೆ ರಾಯಭಾರಿಯ ಕೆಳಗಿನ ಸಾಹೇಬರು, ಸಹಿ ಹಾಕಿ ಕೊಟ್ಟರು. ಮೊಹರು ಹಾಕಲಿಲ್ಲ. ಸಹಿ ಸಾಕು ಎಂದರು.

ಹಮೀದಾಕ, ವಸಂತಕ್ಕ, ನಾನು ಮೂವರೂ ಶವಾಗಾರದ ಕೌಂಟರಿಗೆ ಹೋದೆವು. ಅಲ್ಲಿನ ಗುಮಾಸ್ತ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತಲೆಯಾಡಿಸಿ ವಾಪಸ್ಸು ತಳ್ಳಿದ.

"ಖತಮ್ ಮಾಫಿ," ಎಂದ.

ವಸಂತಕ್ಕನ ಮುಖ ನಾನು ಮರೆಯುವ ಹಾಗಿಲ್ಲ. ಆವತ್ತಿನವರೆಗೆ ಒಂದು ಹನಿ ಕಣ್ಣೀರು ಹಾಕದೆ ಕಲ್ಲಾಗಿ ಕೂತಿದ್ದವರು ಫಕ್ಕನೆ ಎದ್ದು ನಿಂತರು. ಕಣ್ಣು ಅರಳಿತು. ನನ್ನ ತೋಳು ಹಿಡಿದು ಜಗ್ಗಿದರು.

"ಎಂತ ಹೇಳಿದ್ರು ಅವರು? ಖತಂ ಆಗ್ಲಿಲ್ಲ ಅಂತಾ? ಇನ್ನೂ ಜೀವ ಉಂಟಂತಾ?"

ಹೋಟೆಲಿನಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ಕೇಳಿ ಕೇಳಿ ಅವರಿಗೆ ಮಾಫಿ ಎಂದರೆ ಇಲ್ಲ ಎಂದು ಗೊತ್ತಿತ್ತು. ಖತಂ ಎಂದರೆ ಮುಗಿಯಿತು ಎಂದು ನಮಗೆಲ್ಲ ಗೊತ್ತೇ ಇದೆ. ಎರಡೂ ಕೂಡಿಸಿದರೆ ಮುಗಿದಿಲ್ಲ. ಅರಬ್ಬಿಯಲ್ಲಿ ಖತಮ್ ಎಂದರೆ ಮೊಹರು ಎಂದು ಶಾಲೆಯ ಮಕ್ಕಳ ಮೂಗೊರೆಸುವ ಆಯಾಗೆ ಯಾರು ಹೇಳಿಕೊಟ್ಟಿದ್ದರು?

ಹಮೀದಾಕ ಗೋಡೆಯ ಕಡೆ ತಿರುಗಿಬಿಟ್ಟರು. ಹೇಳುವುದು ನನ್ನ ಪಾಲಿಗೆ ಬಂತು. "ಇಲ್ಲ ಅಕ್ಕ, ಕಾಗದದಲ್ಲಿ ಸ್ಟ್ಯಾಂಪಿಲ್ಲ ಅಂತಿದಾರೆ, ಅಷ್ಟೇ," ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತರು. ಅದೇ ಗಂಡ ಅವರಿಗೆ ಎರಡನೆಯ ಸಲ ಸತ್ತ.

ಅಲ್ಲಿಂದ ನೇರ ಕಚೇರಿಗೆ ಬಂದು ಕೌನ್ಸೆಲರ್ ಮುಂದೆ ನಿಂತೆ. ಮೊಹರು ಬೇಕು ಎಂದೆ. ಅವರು ಸುತ್ತೋಲೆ ತೋರಿಸಿದರು. ತೀರಿಕೊಂಡ ರಾಣಿಯ ಅಕ್ಷರವಿರುವ ಮೊಹರುಗಳನ್ನು ಮುಂದಿನ ಸೂಚನೆಯವರೆಗೆ 'ರಿಟೈನ್' ಮಾಡಬೇಕು ಎಂದು ಬರೆದಿತ್ತು. ಅಂದರೆ ಇಟ್ಟುಕೊಳ್ಳಬೇಕು. ಇಟ್ಟುಕೊಳ್ಳುವುದು ಎಂದರೆ ಏನು? ನಮ್ಮಲ್ಲೂ ತಾಯಿ ಒಂದು ಸೀರೆ ಕೊಟ್ಟು ಇಟ್ಟುಕೋ ಎಂದರೆ ಒಬ್ಬ ಮಗಳು ಉಟ್ಟುಕೊಂಡು ಓಡಾಡುತ್ತಾಳೆ, ಇನ್ನೊಬ್ಬಳು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ನಮ್ಮ ಕೌನ್ಸೆಲರ್ ಎರಡನೆಯ ಮಗಳ ಜಾತಿ. ಮೊಹರನ್ನು ವೆಲ್ವೆಟ್ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಪೆಟ್ಟಿಗೆಗೆ ಹಾಕಿಬಿಟ್ಟಿದ್ದರು. ಹೊಸ ರಾಜನ ಮೊಹರು ಬರುವವರೆಗೆ ಹಳೆಯದನ್ನು ಮುಟ್ಟಬಾರದು ಎಂಬುದು ಅವರ ಓದು.

"ಹಾಗಂತ ಅದರಲ್ಲಿ ಬರೆದಿಲ್ಲವಲ್ಲ ಸರ್. ಒಂದು ಫೋನ್ ಮಾಡಿ ಕೇಳಬಹುದಲ್ಲ?"

"ಸುಮಾ, ರಾಜಧಾನಿಯಲ್ಲಿ ಎಲ್ಲರೂ ದುಃಖದಲ್ಲಿದ್ದಾರೆ. ಈ ಸಮಯದಲ್ಲಿ ಒಂದು ಮೊಹರಿನ ವಿಷಯಕ್ಕೆ ತೊಂದರೆ ಕೊಡುವುದು ಸಭ್ಯತೆಯಲ್ಲ. ಶೇಖರ್ ಬಗ್ಗೆ ನಮಗೂ ತುಂಬಾ ಬೇಸರವಿದೆ."

ರಾಯಭಾರಿಯ ಬಳಿಗೂ ಹೋದೆ. ಒಳ್ಳೆಯ ಮನುಷ್ಯ, ಎದ್ದು ನಿಂತು ನನ್ನ ಕೈ ಹಿಡಿದು ಶೇಖರಣ್ಣನ ಗುಣಗಾನ ಮಾಡಿದರು, ಕಣ್ಣೂ ಒದ್ದೆ ಮಾಡಿಕೊಂಡರು. ಮೊಹರಿನ ಮಾತು ಬಂದಾಗ ಅದು ಕೌನ್ಸೆಲರ್ ನೋಡಿಕೊಳ್ಳುವ ವಿಷಯ ಎಂದರು. ಅಧಿಕಾರವೇ ಇಲ್ಲದ ಒಬ್ಬ ಮುದುಕಿ ಸತ್ತಿದ್ದಕ್ಕೆ ಅಧಿಕಾರವಿದ್ದವರ ಕೈಯೆಲ್ಲ ಬಿದ್ದುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡಲಿ, ಹೋಗಿ ಪುಸ್ತಕದ ಪಕ್ಕ ನಿಂತೆ. ಅಂದು ಸಂತಾಪ ಪುಸ್ತಕ ತೆರೆಯುವ ದಿನ.

ನನ್ನ ಕೆಲಸವೆಂದರೆ ಬಂದವರಿಗೆ ಪೆನ್ನು ಕೊಡುವುದು, ಬರೆದ ಮೇಲೆ ಬ್ಲಾಟಿಂಗ್ ಕಾಗದ ಒತ್ತುವುದು, ದೊಡ್ಡವರಾದರೆ ಕಾರಿನವರೆಗೆ ಬಿಟ್ಟುಬರುವುದು. ದೊಡ್ಡವರು, ಸಣ್ಣವರು, ಕಂಪನಿಯವರು, ಶಾಲೆಯ ಮುಖ್ಯಸ್ಥರು, ಸಾಲು ಗೇಟಿನವರೆಗೆ ಇತ್ತು. ಎರಡು ದಿನ ಹೀಗೇ ನಡೆಯಿತು. ಅಷ್ಟರಲ್ಲಿ ಊರಿನಲ್ಲಿ ಶ್ರಾವ್ಯ ದಿನಾ ಹಮೀದಾಕನಿಗೆ ಫೋನ್ ಮಾಡುತ್ತಿದ್ದಳು. ನೆಂಟರು ಬಂದು ಕಾದು, ಕೆಲವರು ವಾಪಸ್ಸು ಹೋಗಿದ್ದರು. ಅಪ್ಪನನ್ನು ಯಾವಾಗ ಕಳಿಸ್ತೀರಿ ಎಂಬ ಒಂದೇ ಪ್ರಶ್ನೆ ಅವಳದು. ಹಮೀದಾಕ ನನ್ನನ್ನು ಕೇಳುತ್ತಿದ್ದರು, "ಮೇಡಂ, ಎಂತಾದ್ರೂ ಮಾಡಿ. ಇನ್ನು ತಡ ಆದ್ರೆ ಮುಖ ನೋಡ್ಲಿಕ್ಕೆ ಕೊಡುದಿಲ್ಲ ಅವರು. ಆ ಮಗು ಅದನ್ನೇ ಕಾಯ್ತಾ ಉಂಟು."

ಮೂರನೆಯ ದಿನ ಯಾವುದೋ ರಾಯಭಾರಿಯನ್ನು ಕಾರು ಹತ್ತಿಸಿ, ಮಂಜು ಕಟ್ಟಿದ ಕನ್ನಡಕ ಒರೆಸಿಕೊಳ್ಳುತ್ತಾ ಒಳಗೆ ಬಂದೆ. ಪುಸ್ತಕದ ಮುಂದೆ ವಸಂತಕ್ಕ ಬಗ್ಗಿ ನಿಂತಿದ್ದರು. ಶಾಲೆಯ ಆಯಾಗಳ ನೀಲಿ ಸಮವಸ್ತ್ರ, ಕೈಯಲ್ಲಿ ಕಪ್ಪು ಶಾಯಿಯ ಪೆನ್ನು. ಮೊಹರು ಕೇಳಲೆಂದು ಬಂದವರಂತೆ. ಗೇಟಿನ ಗಾರ್ಡ್ ಇಂದು ಬಂದವರೆಲ್ಲ ಪುಸ್ತಕಕ್ಕೇ ಎಂದು ಸಾಲಿನಲ್ಲಿ ನಿಲ್ಲಿಸಿದ್ದಾನೆ. ಸಾಲು ಮುಂದೆ ಹೋಗಿದೆ. ಪೆನ್ನು ಕೈಗೆ ಬಂದಿದೆ.

"ಇದರಲ್ಲಿ ಬರೀರಿ ಅಂದ್ರು, ಬರ್ದೆ. ಸರಿ ಉಂಟಾ ಮೇಡಂ?"

ಪುಸ್ತಕ ನೋಡಿದೆ. ಮೇಲೆ ಯಾರೋ ಮಂತ್ರಿಯ ಉದ್ದನೆಯ ಅರಬ್ಬಿ ಸಂತಾಪ. ಅದರ ಕೆಳಗೆ ಎರಡನೆ ತರಗತಿಯ ಮಗುವಿನಂತೆ ದುಂಡಾಗಿ, ಗೆರೆ ಬಿಡದೆ ಬರೆದಿದ್ದರು: 'ನನ್ನ ಗಂಡ ಶೇಖರ ನಿಮ್ಮ ಕಾರು ಓಡಿಸುತ್ತಿದ್ದರು. ಈಗ ಐಸಿನಲ್ಲಿ ಮಲಗಿದ್ದಾರೆ. ಮಗಳು ಮುಖ ನೋಡಬೇಕು. ದಯಮಾಡಿ ಒಂದು ಸ್ಟ್ಯಾಂಪು ಹಾಕಿ ಕಳಿಸಿಕೊಡಿ. ಇಂತಿ, ವಸಂತಿ.'

ಸರಿ ಉಂಟು ಎಂದೆ. ಬ್ಲಾಟಿಂಗ್ ಕಾಗದ ಒತ್ತಿದೆ. ಅವರನ್ನು ಕಾರಿನವರೆಗೆ ಬಿಡಲು ಕಾರಿರಲಿಲ್ಲ, ಬಸ್‌ಸ್ಟಾಪಿನವರೆಗೆ ಬಿಟ್ಟುಬಂದೆ. ದೊಡ್ಡವರು ಯಾರೋ ಬಂದು ಪೆನ್ನಿಗೆ ಕಾಯುತ್ತಿದ್ದರಂತೆ, ಕಾಯಲಿ.

ಸಂಜೆ ಪುಸ್ತಕ ಮುಚ್ಚುವ ಮೊದಲು ಕೌನ್ಸೆಲರ್ ಪುಟ ತಿರುಗಿಸುತ್ತಾ ನಿಂತರು. ಬೇರೆ ಭಾಷೆಯಲ್ಲಿರುವುದಕ್ಕೆಲ್ಲ ಅನುವಾದ ಸೇರಿಸಿ ಪುಸ್ತಕವನ್ನು ಅರಮನೆಗೆ ಕಳಿಸಬೇಕಿತ್ತು. ಕನ್ನಡದ ಮೇಲೆ ಬೆರಳಿಟ್ಟು, "ಇದು ನಿಮ್ಮ ಭಾಷೆಯಲ್ಲವೆ? ಎಷ್ಟು ಸುಂದರ ಲಿಪಿ. ಏನು ಬರೆದಿದ್ದಾರೆ?" ಎಂದರು.

ಒಂದಕ್ಷರ ಬಿಡದೆ ಹೇಳಿದೆ. ಐಸು ಎಂದೆ. ಮುಖ ಎಂದೆ. ಸ್ಟ್ಯಾಂಪು ಎನ್ನುವಾಗ ಸ್ವಲ್ಪ ಜೋರಾಗಿಯೇ ಎಂದೆ.

ಅವರ ಕಿವಿ ಕೆಂಪಾಯಿತು. ಈಗಲಾದರೂ ಪೆಟ್ಟಿಗೆಯ ಬೀಗ ತೆಗೆಯುತ್ತಾರೆ ಎಂದುಕೊಂಡೆ. ಅವರು ತಲೆ ಕೆಡಿಸಿಕೊಂಡದ್ದು ಪುಟದ ಬಗ್ಗೆ. ಪುಟ ಹರಿಯುವ ಹಾಗಿಲ್ಲ, ಹಿಂದಿನ ಬದಿಯಲ್ಲಿ ಇನ್ನೊಂದು ದೇಶದ ರಾಯಭಾರಿಯ ಬರಹವಿದೆ. ಗೆರೆ ಎಳೆದು ಹೊಡೆದುಹಾಕಿದರೆ ಅರಮನೆಯವರು ಏನೆಂದುಕೊಂಡಾರು. ಬಹಳ ಹೊತ್ತು ಯೋಚಿಸಿ, ಅನುವಾದದ ಹಾಳೆಯಲ್ಲಿ ಆ ಸಾಲಿನ ಮುಂದೆ ತಾವೇ ಬರೆದರು: 'ಭಾರತೀಯ ಭಾಷೆಯೊಂದರಲ್ಲಿ ಸಂತಾಪದ ಮಾತುಗಳು.'

"ತಪ್ಪೇನಿಲ್ಲವಲ್ಲ?" ಎಂದು ನನ್ನನ್ನು ಕೇಳಿದರು.

"ಇದು ಅನುವಾದ ಅಲ್ಲ ಸರ್," ಎಂದೆ.

"ಗೊತ್ತು," ಎಂದು ಹಾಳೆ ಮಡಚಿದರು.

ಶೇಖರಣ್ಣ ಖಾನೆಯಲ್ಲೇ ಇದ್ದರು. ವಾರ ತಿರುಗಿತು.

ರಾಣಿಯ ಸರ್ಕಾರಿ ಅಂತ್ಯಕ್ರಿಯೆಯ ದಿನ ಕಚೇರಿಯ ಹಾಲಿನಲ್ಲಿ ದೊಡ್ಡ ಪರದೆ ಹಾಕಿ, ಆಹ್ವಾನಿತರಿಗೆ ನೇರಪ್ರಸಾರ ತೋರಿಸುವ ಏರ್ಪಾಡಾಗಿತ್ತು. ಅದಕ್ಕೆಂದು ರಾಣಿಗೆ ಇಷ್ಟವಾಗಿದ್ದ ಬಿಳಿ ಲಿಲ್ಲಿ ಹೂವುಗಳನ್ನು ಅವಳದೇ ದೇಶದಿಂದ ವಿಮಾನದಲ್ಲಿ ತರಿಸಿದ್ದರು. ಅಂತ್ಯಕ್ರಿಯೆಗೆ ಮೂರು ದಿನ ಮೊದಲು, ಹೂವಿನ ಪೆಟ್ಟಿಗೆಗಳು ಬಂದ ಬೆಳಗ್ಗೆ ವಿಮಾನ ನಿಲ್ದಾಣದ ಕಾರ್ಗೋದಿಂದ ಫೋನ್ ಬಂತು. ನಾನೇ ಎತ್ತಿದೆ. ಹೂವು ಬಿಡಿಸಿಕೊಳ್ಳಲು ನಿಮ್ಮ ಕಚೇರಿಯ ಪತ್ರ ಬಂದಿದೆ, ಆದರೆ ಖತಮ್ ಮಾಫಿ, ಎಂದಿತು ಆ ಕಡೆಯ ದನಿ.

ಹೋಗಿ ಕೌನ್ಸೆಲರಿಗೆ ಹೇಳಿದೆ. ಹೇಳುವಾಗ ನನಗೆ ಒಂದು ಥರದ ಸಂತೋಷವೇ ಆಗಿತ್ತು, ಸುಳ್ಳೇಕೆ ಹೇಳಲಿ. ಈಗ ಗೊತ್ತಾಗಲಿ ಎಂದುಕೊಂಡಿದ್ದೆ.

ಅವರು ಗಡಿಯಾರ ನೋಡಿದರು. "ಹೊರಗೆ ಈ ಬಿಸಿಲು. ಹೂವು ಬಾಡಿಹೋಗುತ್ತದೆ!" ಎಂದು ಎದ್ದೇ ಬಿಟ್ಟರು. ನನ್ನ ಎದುರಿಗೇ ಫೋನ್ ತೆಗೆದು ರಾಜಧಾನಿಗೆ ಮಾಡಿದರು. ದುಃಖದಲ್ಲಿದ್ದ ರಾಜಧಾನಿ ಎರಡನೆಯ ರಿಂಗಿಗೇ ಎತ್ತಿಕೊಂಡಿತು. ಅವರ ಭಾಷೆ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಆ ಕಡೆಯವರು ನಕ್ಕದ್ದಂತೂ ಚೆನ್ನಾಗಿ ಕೇಳಿಸಿತು. ಇಟ್ಟುಕೊಳ್ಳಿ ಎಂದರೆ ಬಳಸುತ್ತಾ ಇರಿ ಎಂದೇ ಅರ್ಥ, ಹೊಸದು ಬರಲು ಇನ್ನೂ ತಿಂಗಳುಗಳು ಬೇಕು, ಅಲ್ಲಿಯವರೆಗೆ ಕೆಲಸ ನಿಲ್ಲಿಸುತ್ತಾರೆಯೆ ಯಾರಾದರೂ? ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ ಆ ಮಾತು.

ಬೀಗ ತೆರೆಯಿತು. ವೆಲ್ವೆಟ್ ಬಿಚ್ಚಿತು. ಮೊದಲು ಹೂವಿನ ಪತ್ರಕ್ಕೆ ಬಿತ್ತು ಮೊಹರು. ನಾನು ಶೇಖರಣ್ಣನ ಪತ್ರವನ್ನು ಅದರ ಕೆಳಗೆ ಹಿಡಿದುಕೊಂಡೇ ನಿಂತಿದ್ದೆ, ಮುಂದೆ ಚಾಚಿದೆ. ಶಾಯಿ ಪ್ಯಾಡಿಗೆ ಮತ್ತೆ ಒತ್ತುವ ತೊಂದರೆಯನ್ನೂ ತೆಗೆದುಕೊಳ್ಳದೆ ಅದೇ ಮೊಹರನ್ನು ಅದರ ಮೇಲೂ ಇಟ್ಟರು. ಹೂವಿನದು ಕಪ್ಪಗೆ ಮೂಡಿತ್ತು, ಶೇಖರಣ್ಣನದು ಬೂದು ಬಣ್ಣಕ್ಕೆ. ಕ್ಷಮಿಸಿ ಎಂಬ ಒಂದು ಮಾತಿಗೆ ನಾನು ಕಾದೆ. ಅವರು ಹೂವು ತರಲು ವ್ಯಾನ್ ಹೊರಟಿತೇ ಎಂದು ಕೇಳಿದರು.

ಮಾರನೆಯ ದಿನ ಶೇಖರಣ್ಣ ಮಂಗಳೂರಿನ ವಿಮಾನದಲ್ಲಿ ಹೋದರು, ಮೇಲೆ ಸೀಟಿನಲ್ಲಿ ವಸಂತಕ್ಕ. ಬೀಳ್ಕೊಡಲು ಹೋದವರು ಹಮೀದಾಕ ಮತ್ತು ನಾನು. ಕಚೇರಿಯಿಂದ ಕಪ್ಪು ಅಂಚಿನ ಕಾಗದದಲ್ಲಿ ಒಂದು ಸಂತಾಪ ಪತ್ರ ಬಂದಿತ್ತು. ಅಂಚಿನ ಅಗಲ ನಿಯಮದಂತೆ ಸರಿಯಾಗಿತ್ತು.

ರಾಣಿಯ ಅಂತ್ಯಕ್ರಿಯೆಯ ದಿನ ಹಾಲಿನ ತುಂಬಾ ಕಪ್ಪು ಬಟ್ಟೆಯವರು, ಬಿಳಿ ಹೂವು. ಪರದೆಯ ಮೇಲೆ ಫಿರಂಗಿ ಗಾಡಿ, ಆರು ಕುದುರೆ, ಪೆಟ್ಟಿಗೆಯ ಮೇಲೆ ಕಿರೀಟ. ಯಾರ ಹಿಂದೆ ಯಾರು ನಡೆಯಬೇಕೆಂಬ ಕ್ರಮ ಎಲ್ಲೂ ತಪ್ಪಲಿಲ್ಲ. ನನ್ನ ಕೈಯಲ್ಲಿದ್ದ ಫೋನ್ ನಡುಗಿತು. ಊರಿನ ನಂಬರು. ಹೊರಗೆ ಕಾರು ನಿಲ್ಲಿಸುವ ನೆರಳಿಗೆ ಓಡಿದೆ.

"ಎಲ್ಲ ಆಯ್ತು ಮೇಡಂ," ಎಂದರು ವಸಂತಕ್ಕ. ಅತ್ತು ಅತ್ತು ದನಿ ಒಡೆದಿತ್ತು. "ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಪೆಟ್ಟಿಗೆ ತೆಗಿಬೇಡಿ ಅಂತ ಮೇಲೆ ಕಾಗದ ಅಂಟಿಸಿದ್ರು. ಶ್ರಾವ್ಯ ಎಷ್ಟು ಹೇಳಿದ್ರೂ ಕೇಳ್ಲಿಲ್ಲ, ನಾನು ನರ್ಸಿಂಗ್ ಓದುದು, ನಂಗೆ ಹೆದ್ರಿಕೆ ಇಲ್ಲ ಅಂತ. ದೊಡ್ಡವರೆಲ್ಲ ಹಿಡ್ಕೊಂಡ್ರು. ಪೆಟ್ಟಿಗೆ ಸಮೇತ ಕೊಟ್ಟೆವು ಬೆಂಕಿಗೆ."

ನಾನು ಮಂಜು ಕಟ್ಟಿದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಇವತ್ತು ರಾಣಿಯಮ್ಮಂದು ಅಲ್ವಾ? ಇಲ್ಲಿ ಟಿವಿಯಲ್ಲಿ ಬರ್ತಾ ಉಂಟು. ನಾನು ಕೂತು ನೋಡ್ತಾ ಇದ್ದೇನೆ. ಮೇಡಂ, ನಾನು ಬರ್ದದ್ದು ಅವರ ಮನೆಯವರು ಓದಿದ್ರು ಅಲ್ವಾ? ನಂಗೆ ಗೊತ್ತಾಯ್ತು. ಇಲ್ಲದಿದ್ರೆ ಅಷ್ಟು ದಿನ ಆಗದ್ದು ಒಂದೇ ಬೆಳಿಗ್ಗೆ ಹೇಗೆ ಆಗ್ತದೆ? ಅವರ ಮನೆಯಲ್ಲೇ ಸಾವಾಗಿತ್ತು, ಆದ್ರೂ ನಮ್ಮಂಥವರ ಮಾತು ಕೇಳಿದ್ರು. ದೊಡ್ಡ ಮನಸ್ಸಿನವರು."

ಹಾಲಿನ ಬಾಗಿಲು ಯಾರೋ ತೆರೆದರು. ಬ್ಯಾಂಡಿನ ಸದ್ದಿನ ಜೊತೆ ಹೂವಿನ ವಾಸನೆ ಮುಖಕ್ಕೆ ರಾಚಿತು.

"ನನ್ನ ಹೆಸರಲ್ಲಿ ಅವರ ಫೋಟೋಕ್ಕೆ ಒಂದು ಹೂ ಇಡಿ ಮೇಡಂ. ಮರೀಬೇಡಿ, ಆಯ್ತಾ?"

ಆಯ್ತು ಅಂದೆ. ಇಡಲಿಲ್ಲ.